ಅವ್ವ ಅಪ್ಪನಿಗೆ ತೆಲುಗು ಕಲಿಸಿದ್ದು

ಅವ್ವ ತೀರಿಕೊಂಡ ಮೇಲೆ ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದರು. ನನ್ನ ಮಗಳು ಮಕ್ಕಳಿಗೆ ಅಜ್ಜಿಯ ಕತೆ ಹೇಳುತ್ತಿದ್ದಳು: ಅಜ್ಜಿ ಅಜ್ಜನಿಗೆ ಒಂದು ತಿಂಗಳು ಪೂರ್ತಿ ತೆಲುಗನ್ನು ತಲೆಕೆಳಗಾಗಿ ಕಲಿಸಿದಳಂತೆ. ಆ ತಿಂಗಳ ಲೆಕ್ಕವನ್ನು ಅವಳಿಗೆ ಕೊಟ್ಟವಳು ನಾನೇ. ನನಗೆ ಕೊಟ್ಟವನು ಅಪ್ಪ. ಅವ್ವನನ್ನು ಕೇಳಿದರೆ ಮಾತ್ರ, "ಎರಡು ಮೂರು ದಿನ ಇದ್ದೀತು. ನಿಮ್ಮಪ್ಪಗ ಹೆಚ್ಚು ಮಾಡಿ ಹೇಳೋ ಚಟ" ಎನ್ನುತ್ತಿದ್ದಳು. ಆ ಪಾಠ ನಡೆದಾಗ ನಾನು ಸಣ್ಣವಳು. ನಾನು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿ ಬರೆಯಲು ನೋಡುತ್ತೇನೆ.

ಅಪ್ಪ ಮಕ್ತಲ್ ತಹಸೀಲ್ ಕಚೇರಿಯಲ್ಲಿ ಮುನ್ಷಿ. ಕಲಿತದ್ದು ಉರ್ದು, ಬರೆಯುತ್ತಿದ್ದದ್ದು ಉರ್ದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಮಾತಾಡುತ್ತಿದ್ದ, ಆದರೆ ಎರಡರ ಅಕ್ಷರವೂ ಬರುತ್ತಿರಲಿಲ್ಲ. ದೇವರ ಪದಗಳೆಲ್ಲ ಬಾಯಿಪಾಠ. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಕೆಲವು ತಿಂಗಳಿಗೆ ಮದರಾಸಿನ ಕಡೆಯಿಂದ ಹೊಸ ಸಾಹೇಬರು ಬಂದರು. ಅವರಿಗೆ ಉರ್ದು ಬಾರದು. ರೈತರ ಅರ್ಜಿಗಳು ತೆಲುಗಿನಲ್ಲಿ ಬರಲಿ, ಯುಗಾದಿಯೊಳಗೆ ಅವನ್ನು ಓದಲು ಕಲಿಯದವರು ಮನೆಗೆ ಹೋಗಲಿ ಎಂದರಂತೆ.

ಮನೆಗೆ ಎಂದರೆ ನಮಗೆ ಗದ್ವಾಲ, ಅವ್ವನ ಅಣ್ಣನ ಮನೆ. ನಮಗೆ ಹೊಲವಿರಲಿಲ್ಲ, ಮಕ್ತಲಿನಲ್ಲಿದ್ದದ್ದು ಬಾಡಿಗೆ ಮನೆ. ಅಣ್ಣ ಒಳ್ಳೆಯವನೇ. ಆದರೆ ಗಂಡ, ಅತ್ತೆ, ಮಗಳನ್ನು ಕಟ್ಟಿಕೊಂಡು ಅತ್ತಿಗೆಯ ಅಡುಗೆಮನೆಯಲ್ಲಿ ದಿನ ತೆಗೆಯುವುದು ಅವ್ವನಿಗೆ ಬೇಡವಾಗಿತ್ತು. ಇದನ್ನು ಅವಳು ನನಗೆ ಹೇಳಿದ್ದು ನನ್ನ ಮದುವೆಯಾದ ಮೇಲೆ.

ಆ ದಿನಗಳಲ್ಲಿ ಬೇರೆಯವರ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಸಂಗತಿಗಳು ನಡೆದವು. ಹಿಂದಿನ ಓಣಿಯಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಮುಸಲ್ಮಾನ ಮುನ್ಷಿಯ ಮನೆಗೆ ಬೀಗ ಬಿತ್ತು. ಅವರು ಎಲ್ಲಿಗೆ ಹೋದರೆಂದು ದೊಡ್ಡವರು ನನ್ನ ಮುಂದೆ ಮಾತಾಡಲಿಲ್ಲ. ಅದರ ಪಕ್ಕದಲ್ಲಿಟ್ಟರೆ ನಮ್ಮದು ಬರೀ ಅಕ್ಷರದ ಕಷ್ಟ.

ಅವ್ವನಿಗೆ ತೆಲುಗು ಬರುತ್ತಿತ್ತು. ಸಣ್ಣವಳಿದ್ದಾಗ ತುಂಗಭದ್ರೆ ದಾಟಿ ಕರ್ನೂಲಿನ ಸೋದರಮಾವನ ಮನೆಯಲ್ಲಿದ್ದು ಶಾಲೆಗೆ ಹೋಗಿದ್ದಳು. ಕಲಿಸುತ್ತೇನೆಂದು ತಾನೇ ಹೇಳಿದಳು. ಹೊತ್ತು ಮಾತ್ರ ಸಿಗಲಿಲ್ಲ. ಸಂಜೆ ಅಪ್ಪನ ಗೆಳೆಯರು ಕಟ್ಟೆಗೆ ಬಂದು ಕೂಡುತ್ತಿದ್ದರು, ಹೆಂಡತಿಯ ಮುಂದೆ ಪಾಟಿ ಹಿಡಿದ ಗಂಡಸನ್ನು ಅವರು ನೋಡಬಾರದು. ಉಳಿದದ್ದು ಮುಂಜಾನೆ, ಅವ್ವ ಮಡಿಯುಟ್ಟು ಅಡುಗೆ ಮಾಡುವ ಹೊತ್ತು. ಮಡಿಯಲ್ಲಿದ್ದವಳು ಅಪ್ಪನನ್ನಾಗಲಿ ಅವನ ಕೈಯ ಪಾಟಿಯನ್ನಾಗಲಿ ಮುಟ್ಟುವಂತಿಲ್ಲ. ಹಾಗಾಗಿ ಅವಳು ಹೊಸ್ತಿಲಿನ ಒಳಗೆ ಕೂತು ರಂಗೋಲಿ ಹಿಟ್ಟಿನಲ್ಲಿ ನೆಲದ ಮೇಲೆ ಅಕ್ಷರ ಬರೆಯುವುದು, ಅಪ್ಪ ಹೊರಗೆ ಎದುರಿಗೆ ಕೂತು ಅದನ್ನು ನೋಡಿ ನನ್ನ ಪಾಟಿಯ ಮೇಲೆ ತಿದ್ದುವುದು.

ಅವಳಿಗೆ ನೆಟ್ಟಗೆ ಕಂಡ ಅಕ್ಷರ ಅವನಿಗೆ ತಲೆಕೆಳಗು. ಅವಳು ಎಡದಿಂದ ಬರೆದ ಸಾಲು ಅವನಿಗೆ ಬಲದಿಂದ ಶುರುವಾಗುತ್ತಿತ್ತು. ಹುಟ್ಟಾ ಉರ್ದು ಬರೆದವನಿಗೆ ಬಲದಿಂದ ಬರೆಯುವುದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ತೊಡೆಯ ಮೇಲಿನ ಪಾಟಿಯಲ್ಲಿ ಅವನು ಕಂಡಂತೆಯೇ ಬರೆದ. ಎದುರಿನಿಂದ ಇಣುಕಿದ ಅವ್ವನಿಗೆ ಅದು ನೆಟ್ಟಗೇ ಕಂಡಿತು. "ಸರಿ ಅದ, ಮುಂದಿಂದು ಬರೀರಿ" ಎಂದಳು. ನಾನೂ ಉರ್ದು ಶಾಲೆಯವಳು, ನನಗೂ ತಿಳಿಯಲಿಲ್ಲ.

ಜಪಕ್ಕೆ ಕೂತಿದ್ದ ಅಜ್ಜಿ, ಅಪ್ಪನ ತಾಯಿ, ಒಮ್ಮೆ ಕೇಳಿದಳು: "ಏನೋ, ನೌಕರಿ ಬಿಟ್ಟು ಸಾಲಿಗೆ ಹೊಂಟೀಯೇನು?"

"ಮಗಳಿಗೆ ಪಾಠ ಹೇಳ್ಲಿಕ್ಕತ್ತೀನವ್ವ."

"ಯಾರು ಯಾರಿಗೆ ಹೇಳ್ಲಿಕ್ಕತ್ತಾರಂತ ಕಾಣಸ್ತದ ಬಿಡು."

ಮುಂದಿನದು ಅಪ್ಪ ಹೇಳಿದ್ದು. ಒಂದು ದಿನ ಕಚೇರಿಯಲ್ಲಿ ಯಾರೂ ಇಲ್ಲದಾಗ ಧೈರ್ಯ ಮಾಡಿ ಒಂದು ಅರ್ಜಿ ಬಿಡಿಸಿದ. ಒಂದು ಅಕ್ಷರವೂ ಗುರುತು ಹತ್ತಲಿಲ್ಲ. ತಿರುಗಿಸಿ ಹಿಡಿದ, ಒಂದೊಂದೇ ಗುರುತು ಸಿಕ್ಕವು. ಅಷ್ಟರಲ್ಲಿ ಚಪರಾಸಿ ಬಂದ.

"ಮುನ್ಷಿ ಸಾಬ್ರ, ಕಾಗದ ಉಲ್ಟಾ ಐತ್ರಿ."

"ಸುಮ್ಮನಿರೋ. ಹಿಂಗ ಹಿಡಿದ್ರನ ಅಕ್ಷರ ಕಾಣ್ತಾವ."

ಮನೆಗೆ ಬಂದು ಹೇಳಿದಾಗ ಅವ್ವ ನಕ್ಕು ನಕ್ಕು ಗೋಡೆಗೆ ಒರಗಿದಳು. "ಇಷ್ಟು ದಿನದಾಗ ಕಚೇರಿಯ ಒಂದು ಕಾಗದನಾದ್ರೂ ಕಣ್ಣೆತ್ತಿ ನೋಡಿದ್ದಿಲ್ಲೇನ್ರಿ?"

"ನೀ ಬರದದ್ದ ಖರೇ ಅಂತ ನಂಬಿದ್ದೆ."

ಆದರೆ ಯುಗಾದಿ ದೂರವಿರಲಿಲ್ಲ.

ಇಲ್ಲಿ ನನಗೆ ಅನುಮಾನವಿದೆ. ಊರಲ್ಲಿ ಓಡಾಡುವ ಮನುಷ್ಯನಿಗೆ ಇದು ಗೊತ್ತಾಗಲು ಅಷ್ಟು ದಿನ ಬೇಕೇ? ಅವ್ವ ಹೇಳಿದ ಎರಡು ಮೂರು ದಿನವೇ ಸರಿಯಿರಬಹುದು. ಆದರೆ ಮರುದಿನ ಮುಂಜಾನೆಯನ್ನು ನಾನು ನಂಬುತ್ತೇನೆ, ಯಾಕೆಂದರೆ ಅದನ್ನು ನನಗೆ ಯಾರೂ ಹೇಳಿದ್ದಲ್ಲ. ಅವ್ವ ಅಪ್ಪನ ಕಡೆಯಿಂದ ನೆಟ್ಟಗೆ ಕಾಣುವಂತೆ ತಾನೇ ಅಕ್ಷರಗಳನ್ನು ತಲೆಕೆಳಗು ಮಾಡಿ ಬರೆಯುತ್ತಿದ್ದಳು. ದಿನಾ ಅಂಗಳ ತುಂಬ ರಂಗೋಲಿ ಹಾಕುವ ಕೈ ಒಂದು ಗೆರೆ ಎಳೆದು ನಿಲ್ಲುತ್ತಿತ್ತು, ಅಳಿಸುತ್ತಿತ್ತು. ಒಲೆಯ ಮೇಲೆ ಬೇಳೆ ತಳ ಹತ್ತಿತು. ಅವಳು ಏಳಲಿಲ್ಲ. ಹತ್ತಿದ ಸಾರನ್ನೇ ಅಪ್ಪ ಉಂಡು ಹೋದ.

ಕೊನೆಗೆ ಸಾಹೇಬರು ಕರೆದು ಓದಿಸಿದರು. ಬಾವಿಯ ಜಗಳದ ಅರ್ಜಿಯಂತೆ. ಅಪ್ಪ ನಿಂತು ನಿಂತು ಓದಿದ, ಒತ್ತಕ್ಷರ ಬಂದಲ್ಲಿ ತಡವರಿಸಿದ. ಅರ್ಧಕ್ಕೆ ಸಾಹೇಬರು ತೆಲುಗಿನಲ್ಲಿ "ಚಾಲು", ಸಾಕು, ಎಂದರು. ಸಾಕು ಎಂದರೆ ಓದು ಸಾಕೋ, ನೌಕರಿಯೇ ಸಾಕೋ ತಿಳಿಯದೆ ಅಪ್ಪ ನಿಂತೇ ಇದ್ದನಂತೆ. ಅವರು ಇನ್ನೊಂದು ಅರ್ಜಿ ಅವನ ಕೈಗೆ ಕೊಟ್ಟು, ನಾಳೆ ಓದಿಕೊಂಡು ಬನ್ನಿ ಎಂದರು.

"ನಾಳಿಗೂ ಬಾ ಅಂದಾರ" ಎಂದ ಅಪ್ಪ, ಬಾಗಿಲಲ್ಲೇ.

ಅವ್ವ ಅತ್ತಳೆಂದು ನಾನು ಮೊದಲು ಬರೆದಿದ್ದೆ, ಹೊಡೆದುಹಾಕಿದ್ದೇನೆ. ನನಗೆ ನೆನಪಿಲ್ಲ. ನೆನಪಿರುವುದು ಅದೇ ವಾರ ಗದ್ವಾಲದಿಂದ ಸೀರೆ ಮಾರಲು ಬಂದ ಮುದುಕಿ. ಅವ್ವ ಸೀರೆ ನೋಡಲಿಲ್ಲ, ಅವಳನ್ನು ಕೂಡಿಸಿ ಮಜ್ಜಿಗೆ ಕೊಟ್ಟಳು.

"ನಮ್ಮಣ್ಣಗ ಹೇಳು, ನಾವು ಬರೂದಿಲ್ಲಂತ."

"ಹಬ್ಬಕ್ಕೂ ಬರೂದಿಲ್ಲೇನ್ರಿ ಅವ್ವಾರ?"

"ಹಬ್ಬಕ್ಕ ಬರ್ತೀವಿ" ಎಂದಳು ಅವ್ವ. "ಕರದ್ರ ಬರ್ತೀವಿ."