ಅಪ್ಪನ ಜೈಲುವಾಸ

ಭದ್ರಾವತಿಯ ಕಾರ್ಖಾನೆಯಲ್ಲಿದ್ದ ಹುಡುಗನಿಗೆ ಹೆಣ್ಣು ನೋಡಲು ಅವನ ಮನೆಯವರು ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದರು. ಹೆಣ್ಣು ನಾನೇ. ಸ್ವಾತಂತ್ರ್ಯ ಬಂದು ಇನ್ನೂ ಬಹಳ ವರ್ಷವಾಗಿರಲಿಲ್ಲ. ಜೈಲಿಗೆ ಹೋಗಿಬಂದವರಿಗೆ ಎಲ್ಲೆಲ್ಲೂ ಮರ್ಯಾದೆ. ಹುಡುಗನ ತಂದೆ ಉಪ್ಪಿಟ್ಟು ತಿನ್ನುವಷ್ಟು ಹೊತ್ತೂ ತಮ್ಮ ಜೈಲುವಾಸವನ್ನೇ ಬಣ್ಣಿಸಿದರು.

"ನಾನೂ ಒಳಗಿದ್ದು ಬಂದವನೇ," ಎಂದುಬಿಟ್ಟ ಅಪ್ಪ.

ಕಾಫಿ ತಂದ ಅಮ್ಮ ನಿಂತಲ್ಲೇ ನಿಂತಳು. ಹುಡುಗನ ತಂದೆಯ ಮುಖ ಅರಳಿತು.

"ಹೌದಾ? ಯಾವ ಚಳವಳೀಲಿ?"

ಒಂದು ಸುಳ್ಳು ಸಾಕಿತ್ತು. ಹೇಳಿ ತೊಲಗಿಸಬಾರದೇ ಎಂದು ನಾನು ಬಾಗಿಲ ಹಿಂದೆ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

"ಚಳವಳಿ ಅಲ್ಲ. ಗಾಂಧಿ ಬಜಾರಲ್ಲಿ ಜಗಳವಾಗಿ ಒಬ್ಬನ ತಲೆ ಒಡೆದಿದ್ದೆ."

ವಕೀಲರಾಗಿದ್ದ ನನ್ನ ಸೋದರಮಾವ ಗಂಟಲು ಸರಿಮಾಡಿಕೊಂಡರು. "ಶಿಕ್ಷೆ ಮುಗಿದು ಎಷ್ಟೋ ವರ್ಷ ಆಯ್ತು. ಕಾನೂನಿನ ಪ್ರಕಾರ ನಮ್ಮ ಭಾವ ಎಲೆಕ್ಷನ್‌ಗೆ ನಿಲ್ಲಬಹುದು. ಗೆದ್ರೆ ಪ್ರಧಾನಮಂತ್ರಿನೂ ಆಗಬಹುದು."

ಹುಡುಗನ ತಂದೆ ತಟ್ಟೆ ಕೆಳಗಿಟ್ಟು ಎದ್ದರು.

"ಆಗ್ಲಿ ಸ್ವಾಮಿ, ನಾನೇ ಓಟು ಹಾಕ್ತೀನಿ. ಬೀಗರಾಗೋದು ಮಾತ್ರ ಬೇಡ."