ಬರ್ತೇನಿ ಅಂದರೆ ಬರಬೇಕು

ನಿನ್ನೆ ಬೆಳಿಗ್ಗೆ ನಮ್ಮ ಮನೆಗೆ ನಳ ರಿಪೇರಿಗೆ ಬಂದವನು ಅರ್ಧ ಕೆಲಸ ಮಾಡಿ, ವಾಷರ್ ತರಬೇಕೆಂದು "ಬರ್ತೇನ್ರಿ ಅಕ್ಕಾರ" ಎನ್ನುತ್ತ ಹೊರಟುಹೋದ. ಅವನ "ಬರ್ತೇನಿ"ಗೆ ಏನು ಅರ್ಥ ಎಂಬುದು ರಾಯಬಾಗದಲ್ಲಿ ಎಲ್ಲರಿಗೂ ಗೊತ್ತು. ನಾನು ನಳದ ಕೆಳಗೆ ಬಕೆಟ್ಟು ಸರಿಸಿ ಒಳಗೆ ಬಂದೆ. ನೀವಾದರೂ ಅದನ್ನೇ ಮಾಡುತ್ತಿದ್ದಿರಿ. ಆದರೆ ಆ ಮಾತನ್ನು ನಂಬಿ ಬಾಗಿಲಲ್ಲೇ ಕಾದು ಕೂರುವ ಒಬ್ಬಳು ನನಗೆ ಗೊತ್ತು. ಹೆಸರು ಸುಮಿತ್ರಾ, ನಮಗೆಲ್ಲ ಸುಮಿ.

ನಿವೃತ್ತಿಯಾಗುವವರೆಗೆ ನಾನು ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲೊಂದು ಬೇವಿನ ಮರ. ಅಲ್ಲಿ ಒಬ್ಬ ಹುಡುಗ ಮೊದಲ ಸಲ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದೆವು. ಆ ಖುಷಿಗೆ ಅವನು ಬಿಚ್ಚುವುದು, ಹಾಕುವುದು, ಮತ್ತೆ ಬಿಚ್ಚುವುದು ನಡೆಸಿ, ಅವತ್ತು ಊಟದ ಗಂಟೆಯೇ ತಡವಾಯಿತು. ತಪಾಸಣೆಗೆ ಬಂದ ಸಾಹೇಬರೊಬ್ಬರು ಇದು ಕನ್ನಡ ಶಾಲೆಯೋ ಮರಾಠಿ ಶಾಲೆಯೋ ಎಂದು ಕೇಳಿದ್ದಕ್ಕೆ ನಮ್ಮ ಹೆಡ್ ಮಾಸ್ತರರು, "ಎಷ್ಟ್ ಹುಡುಗೂರ ಅದಾವೋ ಅಷ್ಟ್ ಭಾಷಾ ಅದಾವ್ರಿ ಸಾಹೇಬ್ರ ಇಲ್ಲಿ" ಎಂದಿದ್ದರು. ಸಾಹೇಬರು ಅದನ್ನು ಹೇಗೆ ಬರೆದುಕೊಂಡರೋ ಗೊತ್ತಿಲ್ಲ.

ಸುಮಿಯ ಭಾಷೆಯಲ್ಲಿ ಪ್ರತಿ ಮಾತಿಗೂ ಒಂದೇ ಅರ್ಥ. ಬೆಂಚು ಸರಿಸುವಾಗ "ಸ್ವಲ್ಪ ಕೈ ಹಚ್ಚವ್ವಾ" ಎಂದೆ. ಬಂದು ಬೆಂಚಿನ ಮೇಲೆ ಅಂಗೈ ಇಟ್ಟು ನಿಂತಳು. ಗದ್ದಲದಲ್ಲಿ ಯಾರಿಗೋ "ಬಾಯಿ ಮುಚ್ಚು" ಎಂದರೆ ಇವಳು ತನ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡು, ನಾನು "ತೆಗಿ" ಎನ್ನುವವರೆಗೆ ಹಾಗೇ ಇರುತ್ತಿದ್ದಳು. ಅವಳ ದೆಸೆಯಿಂದ ನಾನು ಪ್ರತಿ ಶಬ್ದವನ್ನೂ ಬಿಡಿಸಿ, ನೇರವಾಗಿ ಮಾತಾಡುವುದನ್ನು ರೂಢಿಸಿಕೊಂಡೆ. ಮನೆಯಲ್ಲಿ ನಮ್ಮ ಯಜಮಾನರು, "ಇತ್ತಿತ್ತಲಾಗ ನೀ ಬಸ್ ಸ್ಟ್ಯಾಂಡಿನ ಮೈಕಿನಂಗ ಮಾತಾಡಾಕತ್ತಿ" ಎಂದು ನಗುತ್ತಿದ್ದರು.

ಇಷ್ಟಾದರೂ ಒಂದು ಮಾತು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಸುಮಿಯ ತಾಯಿ ಮಾಲವ್ವ ಅಲಖನೂರಿನವಳು, ಕಬ್ಬಿನ ಹೊಲದಲ್ಲಿ ಕಸ ತೆಗೆಯುವ ಕೆಲಸ. ದಿನಾ ಬೆಳಿಗ್ಗೆ ಮಗಳನ್ನು ಬಸ್ಸಿನಲ್ಲಿ ಕರೆತಂದು, ಗೇಟಿನಲ್ಲಿ ತಲೆ ಸವರಿ, "ಬರ್ತೇನಿ ಸುಮಿ" ಎಂದು ಹೋಗುತ್ತಿದ್ದಳು. ಸುಮಿ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತುಬಿಡುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ, ಊಟಕ್ಕೂ ಏಳುತ್ತಿರಲಿಲ್ಲ. ಎತ್ತಲು ಹೋದರೆ ಕಿರುಚುತ್ತಿದ್ದಳು. ವಾರಗಟ್ಟಲೆ ಹೀಗೇ ಆದಾಗ ಮಾಲವ್ವ ಕಣ್ಣಲ್ಲಿ ನೀರು ತಂದುಕೊಂಡಳು.

"ಇಕಿ ಇಲ್ಲಿ ಕುಂದರಲಿಲ್ಲಂದ್ರ ಮನ್ಯಾಗ ಹಾಕಿ ಕೀಲಿ ಹಚ್ಚಿ ಹೋಗಬೇಕಾಗತೈತ್ರಿ ಅಕ್ಕಾರ. ಅದ ಬ್ಯಾಡಂತನ ಇಲ್ಲಿಗೆ ಕರ್ಕೊಂಡ್ ಬಂದೇನಿ."

ಮರುದಿನ ನಾನೂ ಹೋಗಿ ಕಟ್ಟೆಯ ಮೇಲೆ ಸುಮಿಯ ಪಕ್ಕ ಕುಳಿತು, "ಯಾಕ ಒಳಗ ಬರವಲ್ಲಿ?" ಎಂದು ಕೇಳಿದೆ. ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ನನ್ನನ್ನು ನೋಡಿ, "ಅವ್ವ ಬರ್ತೇನಿ ಅಂದಾಳ" ಎಂದಳು. ಹುಡುಗಿ ಹಟ ಮಾಡುತ್ತಿರಲಿಲ್ಲ, ತಾಯಿಯ ಮಾತು ಕೇಳುತ್ತಿದ್ದಳು. ಹೋಗುವಾಗ ಬರ್ತೇನೆ ಎನ್ನುವ ಉಳಿದ ನಾವೆಲ್ಲ ಅವಳ ಲೆಕ್ಕದಲ್ಲಿ ಸುಳ್ಳು ಹೇಳುವವರು.

ನನಗೆ ಭಾರೀ ಖುಷಿಯಾಯಿತು. ಸಂಜೆ ಮಾಲವ್ವನಿಗೆ, ನಾಳೆಯಿಂದ "ಹೋಗ್ತೇನಿ" ಅನ್ನು, ಸಾಕು, ಎಂದೆ.

"ಬಿಡ್ತ ಅನ್ರಿ ಅಕ್ಕಾರ! ಹೆತ್ತ ಮಗಳ ಮುಂದ ನಿಂತು ಹೋಗ್ತೇನಿ ಅಂತ ಹೆಂಗನ್ಲಿ? ಸತ್ತವರು ಹೋಗ್ತಾರ್ರಿ."

ನಾನು "ಹೋಗಿ ಬರ್ತೇನಿ" ಎಂದು ರಾಜಿ ಮಾಡಿಸಿದೆ. ಸುಮಿ ಅದರ ಬಾಲವನ್ನಷ್ಟೇ ಕೇಳಿಸಿಕೊಂಡು ಕಟ್ಟೆ ಹತ್ತಿದಳು. "ಸಂಜಿಕ ಬರ್ತೇನಿ" ಎಂದರೆ ಸಂಜೆ ಅವಳಿಗೆ ಗೊತ್ತಿಲ್ಲ. ಹಾಗಾದರೆ ಮರಾಠಿಯಲ್ಲಿ ಹೇಳಿಸೋಣವೆಂದು ನಾನು ಜಾಣತನ ತೋರಿಸಹೋದೆ. ಅಲ್ಲೂ ಹೊರಡುವವರು "ಯೇತೆ" ಅನ್ನುತ್ತಾರೆ, ಅಂದರೆ ಬರ್ತೇನಿ ಅಂತಲೇ. ಗಡಿಯ ಆಚೆ ಈಚೆ ಎಷ್ಟು ಜಗಳವಿದ್ದರೂ ಈ ವಿಷಯದಲ್ಲಿ ಇಬ್ಬರೂ ಒಂದೇ.

ಒಂದು ಸೋಮವಾರ ಮಾಲವ್ವ ಗೇಟಿನಲ್ಲಿ ಬಹಳ ಹೊತ್ತು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಾನು ಮರದ ಕೆಳಗೆ ನಿಂತು ನೋಡುತ್ತಿದ್ದೆ.

"ಹೋಗ್ತೇನಿ ಸುಮಿ," ಎಂದಳು.

"ಹೋಗು," ಎಂದು ಸುಮಿ ತಿರುಗಿ ಒಳಗೆ ನಡೆದಳು. ತನ್ನ ಚೀಲವನ್ನು ಗೂಟಕ್ಕೆ ಹಾಕಿ, ಉಳಿದವರ ನಡುವೆ ಕುಳಿತಳು. ನನಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಮಾಲವ್ವ ನನ್ನ ಕೈ ಹಿಡಿದು ಕಂಪೌಂಡಿನ ಆಚೆ ಕರೆದೊಯ್ದು, "ಈಗ ನೀವು ನನಗ ಹೋಗಿ ಬಾ ಅನ್ರಿ, ಹಂಗ ಕಳಸಬ್ಯಾಡ್ರಿ" ಎಂದಳು. ಹಾಗೇ ಅಂದೆ. ಅಂದಿನಿಂದ ಅದೂ ನನ್ನ ನೌಕರಿಯ ಒಂದು ಭಾಗವಾಯಿತು. ಮಗಳಿಗೆ ಕೇಳದಂತೆ ಗೋಡೆಯ ಹಿಂದೆ ನಿಂತು ಆ ತಾಯಿಗೆ ದಿನಾ "ಹೋಗಿ ಬಾರವ್ವಾ" ಎನ್ನುವುದು. ಮಾಲವ್ವನನ್ನು ಸಮಾಧಾನಪಡಿಸಲಿಕ್ಕೆ ಒಂದು ಶಾಸ್ತ್ರ ಎಂದುಕೊಂಡಿದ್ದೆ. ಸುಮಿ ಮುಂದೆ ಅದೇ ಶಾಲೆಯಲ್ಲಿ ತನ್ನ ಹೆಸರು ಬರೆಯುವುದನ್ನೂ ಕಲಿತಳು.

ನಿನ್ನೆ ನಳದ ಹುಡುಗ ಹೋದ ಮೇಲೆ ಇದೆಲ್ಲ ನೆನಪಾಗಿ, ಮಧ್ಯಾಹ್ನದ ಬಸ್ಸು ಹಿಡಿದು ಅಲಖನೂರಿಗೆ ಹೋದೆ. ಮಾಲವ್ವ ಈಗ ಮನೆಯಲ್ಲೇ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕುಟ್ಟಿ ಮಾರುತ್ತಾಳೆ. ಸುಮಿ ಪಾಕೀಟು ಕಟ್ಟುತ್ತಾಳೆ. ನನಗಿಂತ ಎತ್ತರವಾಗಿದ್ದಾಳೆ. ನನ್ನನ್ನು ಗುರುತಿಸಿ, ಕೈಗೆ ಒಂದು ಪಾಕೀಟು ಕೊಟ್ಟು, "ಖಾರ ಐತಿ" ಎಂದು ಎಚ್ಚರಿಸಿದಳು. ಚಹಾ ಕುಡಿದು ಎದ್ದೆ. ಅಭ್ಯಾಸಬಲ, "ಬರ್ತೇನವ್ವ ಸುಮಿ" ಎಂದುಬಿಟ್ಟೆ.

ಸುಮಿ ಪಾಕೀಟುಗಳನ್ನು ಬದಿಗಿಟ್ಟು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಳು.

"ಅಕ್ಕಾರ, ಹೋಗ್ತೇನಿ ಅನ್ರಿ," ಎಂದು ಮಾಲವ್ವ ನಕ್ಕಳು. "ಇಲ್ಲಂದ್ರ ಅಕಿ ಅಲ್ಲಿಂದ ಏಳೂದಿಲ್ಲ."

ನಾನೇ ಕಲಿಸಿದ ಪಾಠ. ಬಾಯಿ ತೆರೆದೆ. ನನಗೆ ವಯಸ್ಸಾಯಿತು, ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ, ಈ ಅಂಗಳಕ್ಕೆ ಮತ್ತೆ ಯಾವಾಗ ಬರುತ್ತೇನೋ. ಆ ಒಂದು ಶಬ್ದ ನಾಲಿಗೆಗೆ ಬರಲೇ ಇಲ್ಲ. ಅವತ್ತು ಗೇಟಿನಲ್ಲಿ ಮಾಲವ್ವ ಏನನ್ನು ನುಂಗಿಕೊಂಡು ಅದನ್ನು ಅಂದಿದ್ದಳೋ ನನಗೆ ಈಗ ತಿಳಿಯಿತು. ಮಾಲವ್ವನೂ ನಗುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಹೊರಗೆ ಬಸ್ಸು ಹಾರ್ನ್ ಹೊಡೆದು ಮುಂದೆ ಹೋಯಿತು.

ಹೋಗಲಿ, ಇನ್ನೊಂದು ಇದೆ. ನಾನು ಹೊರಗೆ ಬಂದು ಸುಮಿಯ ಪಕ್ಕ ಕಟ್ಟೆಯ ಮೇಲೆ ಕುಳಿತೆ. ಅವಳು ನನ್ನ ಕಡೆ ತಿರುಗಿ, ನಾನೇ ಹೌದೆಂದು ಖಾತ್ರಿ ಮಾಡಿಕೊಂಡಳು.

"ಬಂದ್ರಿ," ಎಂದಳು.