ಆರಿಸಿದರೂ ಓಡುತ್ತಿದ್ದ ಮೀಟರ್

ನನ್ನ ಮದುವೆಯಾದಾಗ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿ ಎರಡು ವರ್ಷವಾಗಿತ್ತು. ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದ ಕಡೆ, ರಾಜಘಟ್ಟಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪ ಮನೆಯೊಳಗೇ ಎರಡು ಕರೆಂಟಿನ ಮಗ್ಗ ಹಾಕಿಕೊಂಡಿದ್ದರು. ಮಗ್ಗದ ಸ್ವಿಚ್ ಆರಿಸಿದರೆ ಮನೆಯೆಲ್ಲ ಗಪ್ಪೆಂದು ನಿಂತುಬಿಡುತ್ತಿತ್ತು. ಆರಿಸುವುದೆಂದರೆ ಹಾಗೆಯೇ ಎಂದು ನಾನು ತಿಳಿದಿದ್ದೆ.

ಕೊಟ್ಟ ಮನೆ ದೇವನಹಳ್ಳಿಯಿಂದ ವಿಜಯಪುರಕ್ಕೆ ಹೋಗುವ ರಸ್ತೆಯ ಪಕ್ಕದ ಊರಿನಲ್ಲಿತ್ತು. ಮಾವನವರದು ದ್ರಾಕ್ಷಿ ತೋಟ. ಅದರಲ್ಲಿ ಒಂದು ಭಾಗ ಮಾರಿ ಎರಡು ಅಂತಸ್ತಿನ ಮನೆ ಕಟ್ಟಿಸಿದ್ದರು. ಗಂಡನಿಗೆ ವಿಮಾನ ನಿಲ್ದಾಣದ ಸರಕಿನ ಗೋದಾಮಿನಲ್ಲಿ ಕೆಲಸ. ಸಂಬಳ ಬರತೊಡಗಿದ ಮೇಲೆ ಅವರು ಒಂದೊಂದೇ ವಸ್ತು ತಂದರು. ದೊಡ್ಡ ಟಿವಿ, ಅದಕ್ಕೆ ಸೆಟ್‌ಟಾಪ್ ಬಾಕ್ಸ್, ಮೂಲೆಗಳಲ್ಲಿ ಸ್ಪೀಕರ್ ನಿಲ್ಲಿಸಿದ ಹೋಮ್ ಥಿಯೇಟರ್, ಆಮೇಲೆ ಕಂಪ್ಯೂಟರ್, ಅದರ ಕಾಲಡಿಗೆ ಕರೆಂಟು ಹೋದಾಗ ಕೀ ಕೀ ಎನ್ನುವ ಯುಪಿಎಸ್. ಹೋಮ್ ಥಿಯೇಟರ್ ತಂದ ದಿನ ಮಾವ ದುಡ್ಡು ದಂಡವೆಂದು ಸಿಟ್ಟಾಗಿ ಊಟ ಬಿಟ್ಟು ತೋಟಕ್ಕೆ ಹೋಗಿದ್ದರಂತೆ. ಅದು ನಾನು ಬರುವುದಕ್ಕೆ ಮುಂಚಿನ ಮಾತು.

ಟಿವಿಗೆಂದು ಬಡಗಿ ಗೋಡೆಯುದ್ದಕ್ಕೂ ಶೋಕೇಸ್ ಮಾಡಿಕೊಟ್ಟಿದ್ದ. ಮಾಡುವಾಗ ಸ್ವಿಚ್ ಬೋರ್ಡನ್ನು ಹಲಗೆಯ ಹಿಂದೆ ಮುಚ್ಚಿಹಾಕಿದ್ದ. ಸಣ್ಣ ಕೈಯಾದರೆ ಒಳಗೆ ತೂರಿಸಿ ಮುಟ್ಟಬಹುದಿತ್ತು, ಅಷ್ಟೆ. ಹೀಗಾಗಿ ಎಲ್ಲರೂ ರಿಮೋಟಿನಲ್ಲೇ ಆರಿಸುತ್ತಿದ್ದರು. ನಾನು ಹೊಸದರಲ್ಲಿ ಒಮ್ಮೆ ಕೈ ಹಾಕಿ ಸ್ವಿಚ್ ಆರಿಸಿದ್ದಕ್ಕೆ ಗಂಡ ಬೇಸರ ಮಾಡಿಕೊಂಡರು.

"ಅದನ್ನ ಮುಟ್ಬೇಡ. ಮತ್ತೆ ಹಾಕಿದ್ರೆ ಚಾನಲ್ ಹುಡುಕ್ತಾ ಐದು ನಿಮಿಷ ಕೂತ್ಕೊಳುತ್ತೆ."

ಮತ್ತೆ ಮುಟ್ಟಲಿಲ್ಲ.

ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಗಂಡ ಹೆಂಡತಿ ಇಬ್ಬರೇ, ಶಿವಗಂಗೆ ಕಡೆಯವರು. ಅವನು ಕಂಪನಿ ವ್ಯಾನ್ ಓಡಿಸುತ್ತಿದ್ದ. ಅವಳು ವಿಮಾನಗಳಿಗೆ ಊಟ ಕಟ್ಟುವ ದೊಡ್ಡ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ನಸುಕಿಗೇ ಹೋಗಿ ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದಳು. ನನಗಿಂತ ಆರೇಳು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಅವರು ಓಡಾಡಲು ಹೊರಗೆ ಬೇರೆ ಮೆಟ್ಟಿಲಿದ್ದರೂ ನಮ್ಮ ಮನೆಯೊಳಗಿನಿಂದಲೂ ಮಹಡಿಗೆ ಮೆಟ್ಟಿಲಿತ್ತು. ಮಧ್ಯಾಹ್ನ ಒಣಗಿದ ಬಟ್ಟೆ ತರುವ ನೆಪದಲ್ಲಿ ಹತ್ತಿ ಹೋದರೆ ಅರ್ಧ ಗಂಟೆ ನನ್ನದು. ಚಮಚ, ಫೋರ್ಕು ಒಳಗೆ ಕೂರುವ ಹಾಗೆ ಕಾಗದದ ಕರವಸ್ತ್ರವನ್ನು ಮಡಚುವುದು ಹೇಗೆಂದು ಅವಳು ನನ್ನ ಸೆರಗಿನಲ್ಲೇ ತೋರಿಸಿದ್ದಳು.

"ನೀನು ಪಿಯುಸಿ ಓದಿದೀಯಾ. ನಾನು ಏಳನೇ ಕ್ಲಾಸು. ನಮ್ಮ ಸೂಪರ್‌ವೈಸರ್ ಮೇಡಂಗೆ ಹೇಳ್ತೀನಿ, ಬಂದ್ಬಿಡು" ಎನ್ನುತ್ತಿದ್ದಳು.

ಇದನ್ನು ಮನೆಯಲ್ಲಿ ಕೇಳುವ ಧೈರ್ಯ ನನಗಿನ್ನೂ ಬಂದಿರಲಿಲ್ಲ. ಆದರೂ ಆ ಮಾತು ಇತ್ತಲ್ಲ, ಅದನ್ನು ನೆನೆಸಿಕೊಂಡೇ ಪಾತ್ರೆ ಉಜ್ಜುತ್ತಿದ್ದೆ.

ಆ ವರ್ಷ ಅರಿಶಿನಕುಂಟೆಯಲ್ಲಿ ನೆಂಟರ ಮದುವೆಯಾಯಿತು. ಮನೆಯವರೆಲ್ಲ ಹೋದೆವು. ಹೊರಡುವಾಗ ಮಾವ ಫ್ರಿಜ್ ಖಾಲಿ ಮಾಡಿಸಿ ಆರಿಸಿದರು, ಫ್ಯಾನು ದೀಪ ಎಲ್ಲ ನೋಡಿದರು, ಟಿವಿಯನ್ನು ರಿಮೋಟಿನಲ್ಲಿ ಗಂಡ ಆರಿಸಿದರು. ಮಾವ ವರಾಂಡದಲ್ಲಿದ್ದ ಮೀಟರಿನ ಅಂಕಿಯನ್ನು ಪೆನ್ಸಿಲಿನಲ್ಲಿ ಗೋಡೆಗೆ ಬರೆದಿಟ್ಟರು. ಅದು ಅವರ ಅಭ್ಯಾಸ. ಎರಡು ರಾತ್ರಿ ಕಳೆದು ಬಂದೆವು. ಚಪ್ಪಲಿ ಬಿಡುವ ಮೊದಲೇ ಅವರು ಮೀಟರ್ ನೋಡಿದರು.

"ಎರಡು ಯೂನಿಟ್ ಓಡೈತೆ. ಮನೇಲಿ ಒಂದು ನರಪಿಳ್ಳೆ ಇರ್ಲಿಲ್ಲ. ಹೆಂಗೆ ಓಡ್ತು?"

ಅವರು ತಲೆಯೆತ್ತಿ ಮೇಲಿನ ಮನೆಯ ಕಡೆ ನೋಡಿದರು. ಮೇಲಿನವರಿಗೆ ಬೇರೆ ಮೀಟರ್ ಇತ್ತು, ನಮ್ಮ ಮೀಟರಿನ ಪಕ್ಕದಲ್ಲೇ. ನಮ್ಮ ಲೈನಿಗೆ ಒಂದು ವೈರು ಸೇರಿಸಿಕೊಳ್ಳುವುದು ವ್ಯಾನ್ ಓಡಿಸುವವನಿಗೆ ಏನು ದೊಡ್ಡ ಕೆಲಸ ಎಂದು ಅವರು ಲೆಕ್ಕ ಹಾಕಿದರು.

ಮಾವ ಕೆಟ್ಟವರಲ್ಲ. ಪಕ್ಕದ ತೋಟದ ಗೊಂಚಲು ತಮ್ಮ ಬೇಲಿಗೆ ಬಾಗಿದರೂ ಕೀಳುವವರಲ್ಲ. ಅದಕ್ಕೇ ಕದ್ದರು ಎನ್ನುವುದು ಅವರಿಗೆ ತಡೆಯಲಾಗಲಿಲ್ಲ. ವ್ಯಾನಿನವನನ್ನು ಕರೆದು ಕೇಳಿದರು. ಅವನು ತಾಯಾಣೆ ಇಲ್ಲ ಎಂದ. ಇವರು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು, ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದು ಹೇಳಿಬಿಟ್ಟರು. ಅದೇ ಸಂಜೆ ಮಹಡಿ ಮೆಟ್ಟಿಲ ಬುಡದಲ್ಲಿದ್ದ ಗ್ರಿಲ್ ಬಾಗಿಲಿಗೆ ಬೀಗ ಬಿತ್ತು. ಕೀಲಿ ಅವರ ಉಡಿದಾರಕ್ಕೆ ಹೋಯಿತು.

"ಇನ್ಮೇಲೆ ಬಟ್ಟೆ ಹಿತ್ಲಲ್ಲಿ ಒಣಗಾಕಮ್ಮ" ಎಂದರು ನನಗೆ. ಗದರಲಿಲ್ಲ, ಮೆಲ್ಲಗೇ ಹೇಳಿದರು. ಮೆಲ್ಲಗೆ ಹೇಳಿದ್ದಕ್ಕೆ ಎದುರಾಡುವುದು ಇನ್ನೂ ಕಷ್ಟ.

ನನಗೆ ಒಂದು ಕೆಲಸವನ್ನೂ ಹಚ್ಚಿದರು. ಮೀಟರಿನ ಮೇಲೆ ಸಣ್ಣ ಕೆಂಪು ದೀಪ ಇರುತ್ತದೆ, ಕರೆಂಟು ಹೆಚ್ಚು ಹರಿದಷ್ಟೂ ಅದು ಬೇಗ ಬೇಗ ಮಿಟುಕುತ್ತದೆ. ದಿನಾ ಮಧ್ಯಾಹ್ನದ ಊಟವಾದ ಮೇಲೆ ಫ್ರಿಜ್ ಸೇರಿ ಎಲ್ಲ ಆರಿಸಿ, ಅರ್ಧ ಗಂಟೆ ಕುರ್ಚಿ ಹಾಕಿಕೊಂಡು ಅದನ್ನು ನೋಡಬೇಕು, ಮಿಟುಕಿದರೆ ಹೇಳಬೇಕು. ಅಕ್ಕ ಕೆಲಸದಿಂದ ಬರುವ ಹೊತ್ತೂ ಅದೇ. ಅವಳು ಗೇಟು ತೆಗೆದು ಬಂದು, ನಾನು ಮೀಟರಿನ ಮುಂದೆ ಕೂತಿರುವುದನ್ನು ನೋಡಿ, ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ಮೊದಲ ದಿನ ನಿಂತಳು. ಕಿಟಕಿಯ ಹಿಂದೆ ಅತ್ತೆ ಇದ್ದರು. ನಾನು ತಲೆ ತಗ್ಗಿಸಿದೆ. ಎರಡನೇ ದಿನದಿಂದ ಅವಳು ನಿಲ್ಲಲಿಲ್ಲ.

ದೀಪ ಮಿಟುಕುತ್ತಿತ್ತು. ಮೂವತ್ತರವರೆಗೆ ಎಣಿಸಿದರೆ ಒಂದು ಸಲ. ನಾನು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೆ, ಮಾವ ತಲೆಯಾಡಿಸುತ್ತಿದ್ದರು. ನಾನು ಹೇಳಿದ ಒಂದೊಂದು ಸಲವೂ ಅವಳ ಮೇಲೆ ಸಾಕ್ಷಿಯಾಗುತ್ತಿತ್ತು.

ನಾಲ್ಕನೆಯ ದಿನ ಮೇಲಿನವರಿಬ್ಬರೂ ಊರಿಗೆ ಹೋಗಿದ್ದರು. ಆದರೂ ದೀಪ ಮಿಟುಕುವುದು ನಿಲ್ಲಲಿಲ್ಲ. ಅವರ ಮೇನ್ ಸ್ವಿಚ್ಚೂ ಅಲ್ಲೇ ಇತ್ತು. ಅತ್ತೆ ಮಲಗಿದ್ದರು. ಎದ್ದು ಆ ಸ್ವಿಚ್ಚನ್ನು ಕೆಳಗೆ ಎಳೆದೆ. ನಮ್ಮ ಮೀಟರಿನ ದೀಪ ಮತ್ತೆ ಮಿಟುಕಿತು. ಮೇಲಿನ ಮನೆಗೆ ಹೋಗುವ ಕರೆಂಟೇ ಇಲ್ಲದಿದ್ದರೂ ನಮ್ಮದು ಓಡುತ್ತಿತ್ತು.

ಒಳಗೆ ಬಂದು ನಿಂತೆ. ಏನೂ ಸದ್ದಿಲ್ಲ. ಸುಮ್ಮನೆ ಸೆಟ್‌ಟಾಪ್ ಬಾಕ್ಸಿನ ಮೇಲೆ ಕೈ ಇಟ್ಟೆ. ಬೆಳಿಗ್ಗೆಯಿಂದ ಯಾರೂ ಟಿವಿ ಹಾಕಿರಲಿಲ್ಲ, ಆದರೂ ಅದು ಆಗತಾನೇ ಇಳಿಸಿದ ಪಾತ್ರೆಯ ಹಾಗೆ ಬೆಚ್ಚಗಿತ್ತು. ಶೋಕೇಸಿನ ಹಿಂದೆ ಕೈ ತೂರಿಸಿ ಅದರ ಪ್ಲಗ್ ಕಿತ್ತೆ. ಹೊರಗೆ ಓಡಿ ಎಣಿಸಿದೆ, ದೀಪ ತಡವಾಗಿ ಮಿಟುಕಿತು. ಹೋಮ್ ಥಿಯೇಟರಿನದು ಕಿತ್ತೆ, ಇನ್ನೂ ತಡ. ಟಿವಿ, ಕೊನೆಗೆ ಯುಪಿಎಸ್. ಆಮೇಲೆ ಎಷ್ಟು ಎಣಿಸಿದರೂ ಮಿಟುಕಲಿಲ್ಲ.

ಕುರ್ಚಿಯಲ್ಲಿ ಕೂತೆ. ಖುಷಿಯಾಗಬೇಕಿತ್ತು. ಆದರೆ ಇದನ್ನು ಯಾರ ಮುಂದೆ ಹೇಳುವುದು? ಅವರ ಮೇನ್ ಸ್ವಿಚ್ ಮೇಲೆತ್ತಿ, ಎಲ್ಲ ಪ್ಲಗ್ಗನ್ನೂ ಮೊದಲಿದ್ದಂತೆ ಸಿಕ್ಕಿಸಿದೆ.

ಮೊದಲು ಗಂಡನಿಗೆ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ಸ್ಟ್ಯಾಂಡ್‌ಬೈಲಿ ಸ್ವಲ್ಪ ಎಳ್ಕೊಳುತ್ತೆ. ಎಲ್ಲರ ಮನೇಲೂ ಹಂಗೇ."

"ಗೊತ್ತಿದ್ರೂ ಸುಮ್ನಿದ್ರಾ? ಅವರನ್ನ ಖಾಲಿ ಮಾಡಿಸ್ತಿದಾರೆ."

"ಹೇಳಿದ್ರೆ ಅಪ್ಪ ಇದನ್ನೆಲ್ಲ ಎತ್ತಿ ರಸ್ತೆಗೆ ಹಾಕ್ತಾರೆ. ಹೋಮ್ ಥಿಯೇಟರ್ ವಿಷ್ಯ ಮರೆತಿಲ್ಲ ಅವ್ರು. ಬಾಡಿಗೆಯವ್ರಿಗೆ ಮನೆಗೇನು ಬರವಾ? ನೀನು ನಡುವೆ ಬರ್ಬೇಡ."

ಅತ್ತೆಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. "ಆಡಿದ ಮಾತು ಆಗೋಯ್ತು. ಈಗ ಗಂಡಸನ್ನ ಊರ ಮುಂದೆ ಸುಳ್ಳ ಅನ್ನಿಸ್ತೀಯಾ?" ಎಂದು ಅಷ್ಟೇ ಕೇಳಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಮುಂದಿನ ಹತ್ತು ದಿನ ನಾನು ಹೇಗೆ ಕಳೆದೆನೋ. ಮಹಡಿಗೆ ಬೀಗ, ಮುಂಬಾಗಿಲಲ್ಲಿ ಅತ್ತೆ, ಹಿತ್ತಲಲ್ಲಿ ಎತ್ತರದ ಕಾಂಪೌಂಡು. ಬಟ್ಟೆ ಒಣಹಾಕಿ ಮೇಲೆ ನೋಡಿದರೆ ವಿಮಾನಗಳು ಚಕ್ರ ಬಿಚ್ಚಿಕೊಂಡು ಇಳಿಯುತ್ತಿದ್ದವು. ದಿನಾ ಕುರ್ಚಿ ಹಾಕಿ ಕೂರುತ್ತಿದ್ದೆ. ಮಾವ ಬಂದು "ಏನಮ್ಮ?" ಎಂದರೆ "ಮಿಟುಕ್ತಾ ಇದೆ ಮಾವ" ಎನ್ನುತ್ತಿದ್ದೆ. ಸುಳ್ಳಲ್ಲ. ಆದರೆ ಗೊತ್ತಿದ್ದೂ ಅಷ್ಟೇ ಹೇಳಿ ಬಾಯಿ ಮುಚ್ಚುತ್ತಿದ್ದೆ. ಕೆಲವು ದಿನ ಎದ್ದು ಹೋಗಿ ವಾಂತಿ ಮಾಡಿದ್ದೂ ಉಂಟು. ಅತ್ತೆ ಬೇರೆ ಅರ್ಥ ಮಾಡಿಕೊಂಡು ಸಂತೋಷಪಟ್ಟರು. ಅದೂ ಅಲ್ಲ ಎಂದು ಹೇಳಬೇಕಾಯಿತು.

ಮೇಲಿನವರು ಹೊರಡಲು ಮೂರು ದಿನ ಉಳಿದಿತ್ತು. ಅಂದು ಮಧ್ಯಾಹ್ನ ಗಂಡ ಕೆಲಸಕ್ಕೆ ಹೋಗಿದ್ದರು, ಅತ್ತೆ ಮಹಿಳಾ ಸಂಘದ ಸಭೆಗೆ. ಮಾವ ತೋಟದಿಂದ ಬಂದು ಕಾಲು ತೊಳೆದು ವರಾಂಡದಲ್ಲಿ ನಿಂತರು. ನನಗೆ ಎಲ್ಲಿಂದ ಬಾಯಿ ಬಂತೋ.

"ಮಾವ, ಇವತ್ತು ನೀವು ಕುರ್ಚೀಲಿ ಕೂತು ದೀಪ ನೋಡ್ತೀರಾ? ನಾನು ಒಳಗಿಂದ ಕೇಳ್ತೀನಿ, ನೀವು ಹೇಳ್ತಾ ಹೋಗಿ."

ಯಾಕೆಂದು ಕೇಳಲಿಲ್ಲ. ಕೂತರು. ನಾನು ಒಳಗೆ ಹೋಗಿ, ಎಂದಿನಂತೆ ಫ್ರಿಜ್ ಸೇರಿ ಎಲ್ಲ ಆರಿಸಿ, ಮೊದಲ ಪ್ಲಗ್ ಕಿತ್ತೆ.

"ಈಗ?"

"ಮಿಟುಕ್ತದೆ. ಸ್ವಲ್ಪ ತಡ ಆಯ್ತು."

ಎರಡನೆಯದು ಕಿತ್ತೆ. "ಈಗ?"

"ತಡ ಆಗ್ತದೆ."

ಟಿವಿಯದು ಕಿತ್ತು, ಕೊನೆಗೆ ಯುಪಿಎಸ್ ಕಿತ್ತು, ಅಲ್ಲೇ ಮಂಡಿಯೂರಿ ಕೂತು ಕೇಳಿದೆ. "ಈಗ?"

ಅವರು ಎಣಿಸುವುದು ಒಳಗೆ ಕೇಳಿಸುತ್ತಿತ್ತು, ನೂರು ದಾಟಿತು.

"ನಿಂತೋಯ್ತು" ಎಂದರು.

ಒಳಗೆ ಬಂದರು. ನನ್ನ ಕೈಯಲ್ಲಿದ್ದ ವೈರು ನೋಡಿದರು. ಬಗ್ಗಿ ಬಾಕ್ಸಿನ ಮೇಲೆ ಅಂಗೈ ಇಟ್ಟರು. ಅಪ್ಪನಿಗೆ ಮಗನ ಮೇಲೆ ಬರಬಹುದಾದ ಸಿಟ್ಟನ್ನು ನಾನು ಕಾಯುತ್ತಿದ್ದೆ. ಸಿಟ್ಟು ಬರಲಿಲ್ಲ. ಮುಖ ಮಾತ್ರ ಒಂದೇ ಸಲ ಹಣ್ಣು ಮುದುಕನದಾಯಿತು.

"ಸರಿ. ನೀನು ಒಳಗೋಗು."

"ಮಾವ, ಅವರಿಗೆ..."

"ಒಳಗೋಗಮ್ಮ."

ಅಷ್ಟೆ. ಅವರು ಮೇಲೆ ಹೋಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಮೂರನೆಯ ದಿನ ಗೂಡ್ಸ್ ಆಟೋ ಬಂತು. ಮಾವ ಬೆಳಿಗ್ಗೆಯೇ ತೋಟ ಸೇರಿಕೊಂಡಿದ್ದರು. ಮೇಲಿನವರು ಮಂಚ, ಗ್ಯಾಸ್ ಒಲೆ, ಪಾತ್ರೆಯ ಚೀಲಗಳನ್ನು ಇಳಿಸಿದರು. ಅತ್ತೆ ಬಾಗಿಲಲ್ಲಿ ಕೂತಿದ್ದರು. "ಒಳಗಿರು" ಎಂದರು, ನಾನು ಇದ್ದೆ. ಅಕ್ಕ ಆಟೋ ಹತ್ತುವ ಮೊದಲು ನಮ್ಮ ಕಿಟಕಿಯ ಕಡೆ ನೋಡಿದಳು. ನಾನು ಪರದೆಯ ಹಿಂದಿದ್ದೆ. ಅವಳಿಗೆ ಕಂಡೆನೋ ಇಲ್ಲವೋ.

ಆಮೇಲೆ ಮಾವ ದೇವನಹಳ್ಳಿಯಿಂದ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಶೋಕೇಸಿನ ಹಿಂದಿನ ಬೋರ್ಡನ್ನು ಕೀಳಿಸಿ, ಕೈಗೆ ಸಿಗುವಂತೆ ಮುಂದಕ್ಕೆ ಹಾಕಿಸಿದರು. ವಾರ್ತೆ ಮುಗಿದ ಕೂಡಲೇ ತಾವೇ ಎದ್ದು ಒಂದೊಂದೇ ಸ್ವಿಚ್ ಆರಿಸುತ್ತಿದ್ದರು. ಗಂಡ ಒಂದೆರಡು ಸಲ ಗೊಣಗಿ ಸುಮ್ಮನಾದರು. ಟಿವಿ ಹಾಕಿದಾಗ ಚಾನಲ್ ಬರುವವರೆಗೆ ಎಲ್ಲರೂ ಕಪ್ಪು ಪರದೆ ನೋಡುತ್ತಾ ಕೂರುವುದು ಅಭ್ಯಾಸವಾಯಿತು. ಮೀಟರ್ ನಿಧಾನವಾಯಿತು. ನೆಂಟರು ಮಾವನನ್ನು ಜುಗ್ಗ ಎಂದು ತಮಾಷೆ ಮಾಡಿದರು. ನನಗೆ ತಮಾಷೆ ಎನಿಸಲಿಲ್ಲ. ಇಷ್ಟು ಸ್ವಿಚ್ ಆರಿಸಬಲ್ಲವರು ಒಂದು ಮಾತು ಹೇಳಲಾರದೆ ಹೋದರಲ್ಲ ಎಂದು ಒಳಗೇ ಕುದಿಯುತ್ತಿದ್ದೆ. ಅವರ ತಟ್ಟೆಗೆ ಮುದ್ದೆ ಇಡುವಾಗಲೂ ಅದೇ ಯೋಚನೆ. ವರ್ಷಗಳು ಹೀಗೇ ಹೋದವು. ಮಗಳು ಹುಟ್ಟಿದಳು. ಕೆಲಸದ ಮಾತು ಮತ್ತೆ ಬರಲಿಲ್ಲ. ಮಾವ ಮಲಗಿದ ಆರು ತಿಂಗಳು ನಾನೇ ನೋಡಿಕೊಂಡೆ. ಕೊನೆಯವರೆಗೂ ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವರು ತೀರಿಕೊಂಡ ಮರುವರ್ಷ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ತೋಳು ಹಿಡಿದರು. ಅಕ್ಕ. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಈಗ ವಿಜಯಪುರದಲ್ಲಿ ಸ್ವಂತ ಮನೆ ಎಂದಳು. ಬೆಂಚಿನ ಮೇಲೆ ಕೂತೆವು. ನಾನು ಮಾವ ಹೋದದ್ದನ್ನು ಹೇಳಿದೆ.

"ಕೇಳ್ದೆ ಕಣೇ. ಒಳ್ಳೆ ಮನುಷ್ಯ."

ನಾನು ಅವಳ ಮುಖ ನೋಡಿದೆ.

"ನಾವು ಮನೆ ಬಿಟ್ಟು ಎಂಟು ದಿನಕ್ಕೆ ಬಂದಿದ್ರು. ಒಂದು ಬುಟ್ಟಿ ದ್ರಾಕ್ಷಿ ತಂದಿದ್ರು. ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ, ಬಾಗಿಲಲ್ಲೇ ನಿಂತು ತಪ್ಪಾಯ್ತು ಅಂದ್ರು. ನನ್ ಸೊಸೆ ಕಂಡುಹಿಡಿದ್ಲು, ಇಲ್ದಿದ್ರೆ ಸಾಯೋವರೆಗೂ ನಿಮ್ಮನ್ನ ಕಳ್ಳರು ಅಂತಿದ್ದೆ ಅಂದ್ರು. ವಾಪಸ್ ಬನ್ನಿ ಅಂತಾನೂ ಕರೆದ್ರು. ಅಡ್ವಾನ್ಸ್ ಕೊಟ್ಬಿಟ್ಟಿದ್ವಿ, ಆಗ್ಲಿಲ್ಲ."

ನನಗೆ ಇದು ಗೊತ್ತೇ ಇಲ್ಲ ಎಂದೆ.

"ಗೊತ್ತಿಲ್ವಾ?" ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ನಾನು ನೀನೂ ಬರ್ತೀಯ ಅಂತ ಕಾದಿದ್ದೆ. ಮೇಡಂ ಹತ್ರ ನಿನ್ ವಿಷ್ಯ ಮಾತಾಡಿಟ್ಟಿದ್ದೆ. ನೀನು ಬರ್ಲಿಲ್ಲ."

"ಹೆದರಿಕೆ ಆಯ್ತಕ್ಕ."

"ಯಾರಿಗೆ ಹೆದ್ರಿದೆ?"

ಹೇಳಲು ಹೋದೆ. ಯಾವ ಹೆಸರೂ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಅವಳ ಬಸ್ಸು ಬಂತು.

ಸಂಜೆ ಗಂಡನಿಗೆ ಹೇಳಿದೆ, ಮಾವ ಅಕ್ಕನ ಮನೆಗೆ ಹೋಗಿದ್ದರಂತೆ ಎಂದು. ಅವರು ಶೂ ಬಿಚ್ಚುತ್ತಿದ್ದರು.

"ಗೊತ್ತು. ನಾನೇ ಗಾಡೀಲಿ ಕರ್ಕೊಂಡೋಗಿದ್ದೆ."

"ನನಗೆ ಯಾಕೆ ಹೇಳ್ಲಿಲ್ಲ?"

ಅವರು ನಿಜವಾಗಿಯೂ ಯೋಚಿಸಿದರು. "ನಿನಗೆ ಹೇಳ್ಬೇಕು ಅಂತ ಅನ್ನಿಸ್ಲಿಲ್ಲ. ಅಪ್ಪನೂ ಹೇಳು ಅನ್ಲಿಲ್ಲ. ಯಾಕೆ, ಏನಿತ್ತು ಅದ್ರಲ್ಲಿ?"

ಅಷ್ಟು ವರ್ಷ ಒಬ್ಬ ಮುದುಕನ ಮೇಲೆ ನಾನು ಹೊತ್ತ ಸಿಟ್ಟನ್ನು ಈಗ ಎಲ್ಲಿ ಇಳಿಸುವುದೋ ತಿಳಿಯಲಿಲ್ಲ. ಮಾವನ ಕಾಲು ಒತ್ತುತ್ತಿದ್ದಾಗಲೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಗಂಡನಿಗೆ ಇದನ್ನು ವಿವರಿಸಲು ಹೋಗಲಿಲ್ಲ.

ಮುಂದಿನ ಭಾನುವಾರ ವಿಜಯಪುರಕ್ಕೆ ಹೊರಟೆ. ಎಲ್ಲಿಗೆ ಎಂದು ಅತ್ತೆ ಕೇಳಿದರು. ಮೇಲಿದ್ದ ಅಕ್ಕನ ಮನೆಗೆ ಎಂದೆ. "ಬಿಸ್ಲು ಜಾಸ್ತಿ, ಕೊಡೆ ತಗೊಂಡೋಗು" ಎಂದರು. ನಾನು ತಯಾರಿಟ್ಟುಕೊಂಡಿದ್ದ ಉತ್ತರಗಳಲ್ಲಿ ಯಾವುದೂ ಬೇಕಾಗಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಬರೀ ಇಪ್ಪತ್ತು ನಿಮಿಷದ ದಾರಿ.